ಜಪಾನಿನಲ್ಲಿ ನಮ್ಮ ಹತ್ತನೇ ನಂಬರು

ಅರಸೀಕೆರೆ ಜಂಕ್ಷನ್

ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಜಪಾನಿಗೆ ಹೋಗಲು ಕಾಯುವವರನ್ನು ನೋಡಿದ್ದು ಅವತ್ತೇ ಮೊದಲು, ಅವರಲ್ಲಿ ನಾನೂ ಒಬ್ಬಳು. ನನ್ನ ಸುತ್ತ ಹದಿನೈದು ಹುಡುಗಿಯರು, ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಬ್ಯಾಟುಗಳು, ಮನೆಮನೆಯಿಂದ ಬಂದ ಹುರಿಹಿಟ್ಟು, ಚಟ್ನಿಪುಡಿ, ಕೊಬ್ಬರಿ ಮಿಠಾಯಿ. ಟಿಕೆಟ್ ನೋಡಲು ಬಂದವರು ಬ್ಯಾಟಿನ ಗಂಟನ್ನು ತಟ್ಟಿ, "ಏನ್ರಮ್ಮ, ಎಲ್ಲಿ ಗಲಾಟೆ ಮಾಡಕ್ಕೆ ಹೊರಟಿದೀರಾ?" ಎಂದರು. "ಜಪಾನಲ್ಲಿ" ಎಂದಳು ನಮ್ಮ ಕ್ಯಾಪ್ಟನ್ ರತ್ನ. ಅವರು ನಗುತ್ತಾ ಮುಂದೆ ಹೋದರು. ಪಾಪ, ನಂಬಲಿಲ್ಲ.

ಅದು ಎಸ್‌ಟಿಡಿ ಬೂತುಗಳ ಮುಂದೆ ಜನ ಸಾಲು ನಿಲ್ಲುತ್ತಿದ್ದ ಕಾಲ. ನಾನು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಖೋ ಖೋ ಆಡಿ ಪಳಗಿದ ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುವ ಹುಚ್ಚು ಹಿಡಿಸಿಕೊಂಡಿದ್ದೆ. ಒಂದು ಭಾನುವಾರ ಹಳೇಬೀಡಿನಲ್ಲಿ ನಮ್ಮ ಅಭ್ಯಾಸ ಪಂದ್ಯ ನಡೆಯುತ್ತಿದ್ದಾಗ, ದೇವಸ್ಥಾನದ ಗೋಡೆಯ ಆನೆಗಳ ಚಿತ್ರ ಬರೆಯಲು ಬಂದಿದ್ದ ಜಪಾನಿನ ಹೆಂಗಸೊಬ್ಬರು ಪೆನ್ಸಿಲು ಜೇಬಿಗೆ ಹಾಕಿಕೊಂಡು ನಮ್ಮ ಮೈದಾನದ ಅಂಚಿಗೆ ಬಂದು ಕೂತರು. ಹೆಸರು ಸಾಚಿಕೊ, ನಿವೃತ್ತ ಮೇಡಂ, ಚಿಕ್ಕಂದಿನಲ್ಲಿ ತಾವೂ ಈ ಆಟ ಆಡಿದ್ದವರು. ಆನೆಗಳು ಅವತ್ತು ಅರ್ಧಕ್ಕೇ ನಿಂತವು. ಎರಡು ವರ್ಷ ಕಾಗದ ಹೋಗಿ ಬಂದು, ಅವರ ಊರಿನ ಶಾಲಾ ತಂಡದೊಂದಿಗೆ ಮೂರು ಸ್ನೇಹಪಂದ್ಯ ಆಡಲು ನಮಗೆ ಕರೆ ಬಂತು.

ಸಾಫ್ಟ್‌ಬಾಲ್ ಒಂಬತ್ತು ಜನರ ಆಟ. ಹದಿನೈದು ಜನ ಹೋದರೆ ಆರು ಜನ ಬೆಂಚಿಗೆ. ಬೆಂಚಿನವರ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಯಾರು ಯಾವ ಪಂದ್ಯದಲ್ಲಿ ಎಷ್ಟು ಹೊತ್ತು ಆಡಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಸರದಿ ಪ್ರಕಾರ ಎಲ್ಲರನ್ನೂ ಇಳಿಸುತ್ತಿದ್ದೆ. ತಾಲ್ಲೂಕಿನಲ್ಲಿ ನನಗೆ ಅದರಿಂದ ಒಳ್ಳೆಯ ಹೆಸರಿತ್ತು, ಆ ಹೆಸರಿನ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು. ಆದರೆ ಐದು ಜನರ ಸರದಿ ಮುಗಿದು ಆರನೆಯವಳ ಸರದಿ ಬರುವ ಹೊತ್ತಿಗೆ ಆಟವೇ ಮುಗಿದಿರುತ್ತಿತ್ತು. ಆ ಆರನೆಯವಳು ಸುಮಾ. ಸುಮಾ ನನ್ನ ಮಗಳು.

ಅವಳನ್ನು ತಂಡಕ್ಕೆ ಆರಿಸಿದ್ದು ನಾನಲ್ಲ, ಜಿಲ್ಲೆಯಿಂದ ಬಂದ ಆಯ್ಕೆಗಾರರು. ಮೊದಮೊದಲು ಆಡಿಸುತ್ತಲೂ ಇದ್ದೆ. ಒಮ್ಮೆ ಹಾರನಹಳ್ಳಿಯಲ್ಲಿ ಪಂದ್ಯ ಮುಗಿಸಿ ಬಸ್ಸಿಗೆ ನಿಂತಿದ್ದಾಗ ತಂಡದ ಮಂಜುಳನ ಅಪ್ಪ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಮೇಡಂ ಮಗಳಲ್ವಾ, ಆಡ್ದೆ ಇರ್ತದಾ?" ಕೆಟ್ಟ ಮನುಷ್ಯರಲ್ಲ ಅವರು. ಇಡೀ ತಂಡಕ್ಕೆ ಎಳನೀರು ಕೆಡವಿಸಿ ಕೊಟ್ಟು, ನಗುನಗುತ್ತಲೇ ಆಡಿದ ಮಾತು. ನನಗೆ ಮಾತ್ರ ಅದು ಮುಳ್ಳಿನ ಹಾಗೆ ಚುಚ್ಚಿ ಅಲ್ಲೇ ಉಳಿಯಿತು. ಅವತ್ತಿನಿಂದ ಸುಮಾ ಸರದಿಯಲ್ಲಿ ಕೊನೆಯವಳಾದಳು, ಅವಳು ನಿಲ್ಲುತ್ತಿದ್ದ ಲೆಫ್ಟ್ ಫೀಲ್ಡ್ ಜಾಗ ಮಂಜುಳನದಾಯಿತು.

ಜಪಾನಿಗೆಂದು ಹೊಲಿಸಿದ ಜರ್ಸಿ ಹಂಚುವಾಗಲೂ ಹಾಗೇ ಆಯಿತು. ಎಲ್ಲರೂ ಬೇಕಾದ ನಂಬರು ಆರಿಸಿಕೊಂಡ ಮೇಲೆ ಸುಮಂಗೆ ಉಳಿದದ್ದು ಹತ್ತು. ಟೈಲರು ಒಂದನ್ನು ಗಿಡ್ಡವಾಗಿ, ಸೊನ್ನೆಯನ್ನು ದಪ್ಪವಾಗಿ ಹೊಲಿದು ಅದನ್ನು ಕೆಡಿಸಿಟ್ಟಿದ್ದ. ಯಾರಿಗೂ ಬೇಡವಾಗಿತ್ತು.

ರೈಲು ಬರುವ ಮೊದಲು ನನ್ನ ಯಜಮಾನರು ಕಿಟಕಿ ಸೀಟಿನ ವಿಷಯ, ಮಾತ್ರೆಯ ವಿಷಯ ಎಲ್ಲ ಮಾತಾಡಿ ಮುಗಿಸಿ, ಕೊನೆಗೆ ಮೆಲ್ಲಗೆ, "ಮಗೂನ ಒಂದ್ಸಲನಾದ್ರೂ ಆಡ್ಸು ಮಾರಾಯ್ತಿ" ಎಂದರು. "ನೋಡೋಣ" ಎಂದೆ. ನೋಡೋಣ ಎಂದರೆ ಇಲ್ಲ ಎಂದೇ ಅರ್ಥ ಎಂದು ಅವರಿಗೂ ಗೊತ್ತು.

ಒಸಾಕಾ

ವಿಮಾನದಲ್ಲಿ ಹುಡುಗಿಯರು ಕಿಟಕಿಗಾಗಿ ಜಗಳವಾಡಿದ್ದನ್ನು, ಸಿಂಗಪುರದ ತಾನಾಗಿ ಚಲಿಸುವ ಮೆಟ್ಟಿಲ ಮುಂದೆ ಗಂಡಸಿ ಊರಿನ ಹುಡುಗಿಯೊಬ್ಬಳು ಹೊಳೆ ದಾಟುವವಳಂತೆ ಲಂಗ ಎತ್ತಿ ಹಿಡಿದು ನಿಂತದ್ದನ್ನು ನಾನು ವಿಸ್ತರಿಸುವುದಿಲ್ಲ. ಒಸಾಕಾದ ವಿಮಾನ ನಿಲ್ದಾಣದ ಕಥೆಯೊಂದನ್ನು ಮಾತ್ರ ಹೇಳಬೇಕು.

ಅಲ್ಲಿ ಬಿಳಿ ಕೈಗವಸು ತೊಟ್ಟ ಅಧಿಕಾರಿ ನಮ್ಮ ಹುರಿಹಿಟ್ಟಿನ ಚೀಲ ಬಿಚ್ಚಿಸಿ, ಮೂಸಿ, ನನ್ನ ಮುಖ ನೋಡಿದರು. ತಿನ್ನುವ ಪದಾರ್ಥ ಎಂದು ಕೈಸನ್ನೆಯಲ್ಲಿ ಎಷ್ಟು ತೋರಿಸಿದರೂ ಅವರಿಗೆ ಸಮಾಧಾನವಾಗಲಿಲ್ಲ. ಆಗ ರತ್ನ ಮುಂದೆ ನುಗ್ಗಿದಳು. ಹಗರೆಯ ರೈತರ ಮನೆ ಹುಡುಗಿ, ಯಾವುದಕ್ಕೂ ಹಿಂದೆ ಮುಂದೆ ನೋಡುವವಳಲ್ಲ. ಒಂದು ಹಿಡಿ ಹಿಟ್ಟು ತೆಗೆದು ಬಾಯಿಗೆ ಎಸೆದುಕೊಂಡಳು. ಬರೀ ಹುರಿಹಿಟ್ಟು ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನೆತ್ತಿಗೇರಿ ಕೆಮ್ಮಿದಳು ನೋಡಿ, ಅಧಿಕಾರಿಯ ಕರೀ ಕೋಟೆಲ್ಲ ಬೂದಿಬಣ್ಣವಾಯಿತು. ಅವರು ಗಾಬರಿಯಾಗಿ ಓಡಿಹೋಗಿ ನೀರು ತಂದುಕೊಟ್ಟರು, ಅವಳ ಬೆನ್ನು ತಟ್ಟಿದರು, ಆಮೇಲೆ ಚೀಲ ಕಟ್ಟಿಕೊಟ್ಟು ಸೊಂಟ ಬಗ್ಗಿಸಿ ವಂದಿಸಿ ಕಳಿಸಿದರು. ತಪ್ಪು ನಮ್ಮದಾದರೂ ಕ್ಷಮೆ ಕೇಳಿದವರು ಅವರೇ ಎಂಬಂತಿತ್ತು ಆ ವಂದನೆ.

ಕಿತ್ತಳೆ ತೋಟಗಳ ಊರು

ಸಾಚಿಕೊ ಅವರ ಊರು ಒಸಾಕಾದಿಂದ ಮೂರು ನಾಲ್ಕು ಗಂಟೆಯ ದಾರಿ. ಗುಡ್ಡದ ಮೇಲೆ ಕಿತ್ತಳೆ ತೋಟ, ಕೆಳಗೆ ಗದ್ದೆ, ಆಚೆ ಸಮುದ್ರ. ಮೇ ತಿಂಗಳು. ಗದ್ದೆಗಳಿಗೆ ನೀರು ಕಟ್ಟಿ ನಾಟಿ ನಡೆಯುತ್ತಿತ್ತು. ಒಬ್ಬ ಮುದುಕ ಸಣ್ಣ ಮೆಷಿನ್ ಮೇಲೆ ಕೂತು ಒಬ್ಬನೇ ಇಡೀ ಗದ್ದೆ ನಾಟಿ ಮಾಡುತ್ತಿದ್ದುದನ್ನು ನಮ್ಮ ಹುಡುಗಿಯರು ಬಸ್ಸಿನಿಂದ ಕತ್ತು ಹೊರಳಿಸಿ ಹೊರಳಿಸಿ ನೋಡಿದರು. "ಪಾಪ, ಮಾತಾಡಕ್ಕೆ ಒಬ್ರೂ ಇಲ್ವಲ್ಲ ಮೇಡಂ" ಎಂದಳು ರತ್ನ. ಅವಳ ಪ್ರಕಾರ ನಾಟಿ ಎಂದರೆ ಹತ್ತು ಜನರ ಹರಟೆ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಅವರ ಪದ್ಧತಿ ನಮಗೆ ಹೊಸದೇನಲ್ಲ. ಕಕ್ಕಸಿಗೇ ಬೇರೆ ಚಪ್ಪಲಿ ಇರುತ್ತದೆ, ಅದು ಅಲ್ಲಿಂದ ಹೊರಗೆ ಬರಬಾರದು ಎಂಬುದು ಮಾತ್ರ ಗೊತ್ತಿರಲಿಲ್ಲ. ಮೊದಲ ದಿನ ಊಟದ ಮನೆಗೆ ನಮ್ಮ ನಾಲ್ಕು ಹುಡುಗಿಯರು ಅದೇ ಚಪ್ಪಲಿಯಲ್ಲಿ ಟಕಟಕ ನಡೆದುಬಂದರು. ಅಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಉಸಿರು ಹಿಡಿದರು, ಒಬ್ಬರೂ ಮಾತಾಡಲಿಲ್ಲ. ನಮ್ಮಲ್ಲಾಗಿದ್ದರೆ ಯಾರಾದರೂ ಅಜ್ಜಿ ಊರು ಕೇಳುವ ಹಾಗೆ ಬೈದು ಅಲ್ಲಿಗೇ ಮುಗಿಸುತ್ತಿದ್ದರು. ಆ ಮೌನದಲ್ಲಿ ನನಗೆ ಅನ್ನ ಇಳಿಯಲಿಲ್ಲ.

ಮೊದಲ ಪಂದ್ಯ

ನಾನು ಕಾಟನ್ ಸೀರೆ ಉಟ್ಟು, ಕ್ಯಾನ್ವಾಸ್ ಶೂ ಹಾಕಿ ಮೈದಾನಕ್ಕೆ ಹೋದೆ. ನಮ್ಮೂರಿನ ಮೈದಾನದಲ್ಲಿ ನನ್ನ ಸಮವಸ್ತ್ರವೇ ಅದು. ಅವರು ನನ್ನನ್ನು ಸಡಗರದಿಂದ ಕರೆದೊಯ್ದು ನೆರಳಿನಲ್ಲಿ, ಊರಿನ ಹಿರಿಯರ ಪಕ್ಕ ಮೆತ್ತನೆ ಕುರ್ಚಿಯ ಮೇಲೆ ಕೂರಿಸಿ ಕೈಗೆ ಹಸಿರು ಚಹಾ ಕೊಟ್ಟರು. ಮುಖ್ಯ ಅತಿಥಿ ಎಂದುಕೊಂಡಿದ್ದಾರೆ ಎಂದು ನನಗೆ ಹೊಳೆಯುವ ಹೊತ್ತಿಗೆ ಅಂಪೈರು ನಮ್ಮ ಬೆಂಚಿನ ಕಡೆ ನೋಡಿ ಹತ್ತೂ ಬೆರಳು ಎತ್ತಿ ತೋರಿಸುತ್ತಿದ್ದರು.

ಸುಮಾ ಎದ್ದು ನಿಂತಳು. ನನ್ನ ಕಡೆ ನೋಡಿದಳು. ನಾನು ದೂರದಿಂದ, ಹೋಗು ಹೋಗು ಎಂದು ಕೈಬೀಸಿದೆ. ಏನೋ ಸಾಮಾನು ತರಲು ಕರೆದಿರಬೇಕು, ಬೆಂಚಿನವಳು ತಾನೇ ಎಂದುಕೊಂಡು. ಅವಳು ಮೈದಾನದ ನಡುವೆ ಹೋದಳು. ಎದುರು ತಂಡದ ಹುಡುಗಿಯೂ ಬಂದಳು. ಇಬ್ಬರೂ ವಂದಿಸಿಕೊಂಡರು. ಅಲ್ಲಿ ನಾಣ್ಯ ಚಿಮ್ಮುವುದಿಲ್ಲ. ಕಲ್ಲು, ಕತ್ತರಿ, ಕಾಗದ ಎಂದು ಮಕ್ಕಳು ಕೈ ಚಾಚಿ ಆಡುತ್ತಾರಲ್ಲ, ಹಾಗೆ ಯಾರು ಮೊದಲು ಆಡಬೇಕೆಂದು ತೀರ್ಮಾನಿಸುತ್ತಾರೆ. ಆ ಹುಡುಗಿ ಮುಷ್ಟಿ ಚಾಚಿದಳು. ಸುಮಂಗೆ ಇದೇನೂ ಗೊತ್ತಿಲ್ಲ, ಕೈಕುಲುಕಲು ಅಂಗೈ ಚಾಚಿದಳು. ಕಾಗದ ಕಲ್ಲನ್ನು ಗೆದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಏನಾಯಿತೆಂದು ತಿಳಿಯದೆ, ಆದರೆ ಏನೋ ಗೆದ್ದೆನೆಂಬ ಮುಖ ಹೊತ್ತು ಓಡಿಬಂದು ಮತ್ತೆ ಬೆಂಚಿನ ಮೇಲೆ ಕೂತಳು.

ಆಟವೆಲ್ಲ ಮುಗಿಯುವವರೆಗೆ ಅಲ್ಲೇ ಕೂತಿದ್ದಳು. ನಾವು ಸೋತೆವು. ಎಷ್ಟರಲ್ಲಿ ಎಂದು ಕೇಳಬೇಡಿ, ನಾನು ಅರ್ಧಕ್ಕೇ ಎಣಿಸುವುದನ್ನು ಬಿಟ್ಟಿದ್ದೆ.

ಅವರ ತಂಡದಲ್ಲಿ ಮೂವತ್ತಕ್ಕೂ ಹೆಚ್ಚು ಹುಡುಗಿಯರು. ಆಡದವರು ತಂತಿಬೇಲಿಗೆ ಸಾಲಾಗಿ ನಿಂತು, ಬ್ಯಾಟು ಹಿಡಿದು ಬರುವ ಒಬ್ಬೊಬ್ಬಳ ಹೆಸರನ್ನೂ ಹಾಡು ಕಟ್ಟಿ ಕೂಗುತ್ತಿದ್ದರು. ಕನ್ನಡಕದ ಹುಡುಗಿಯೊಬ್ಬಳು ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡು ಸ್ಕೋರು ಬರೆಯುತ್ತಿದ್ದಳು. ಸಾಚಿಕೊ ಅವರನ್ನು ಕೇಳಿದೆ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಅಳತೆಯದು, ಹಾಗಾಗಿ ಚೆನ್ನಾಗಿ ಅರ್ಥವಾಗುತ್ತಿತ್ತು. ಆ ಹುಡುಗಿ ಶಾಲೆಯ ಕೊನೇ ವರ್ಷದಲ್ಲಿದ್ದಾಳೆ, ಇನ್ನೂ ಒಂದು ಪಂದ್ಯವನ್ನೂ ಆಡಿಲ್ಲ ಎಂದರು. "ಬೇಜಾರಿಲ್ಲವೇ ಅವಳಿಗೆ?" "ಇಲ್ಲಿ ನಗುತ್ತಾಳೆ. ಮನೆಯಲ್ಲಿ ಅಳುತ್ತಾಳೆ, ಅವಳ ತಾಯಿ ಹೇಳಿದರು." ನನ್ನ ನೋಟ್‌ಬುಕ್ಕಿನ ಬಗ್ಗೆ ಆಗ ಅವರಿಗೆ ಹೆಮ್ಮೆಯಿಂದ ವಿವರಿಸಿದೆ. ನಮ್ಮಲ್ಲಿ ಎಲ್ಲರಿಗೂ ಸರದಿ ಉಂಟು ಎಂದೆ. ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಎರಡನೆಯ ಪಂದ್ಯ

ಮರುದಿನ ನಾವು ಬೇಗ ಹೋದೆವು. ನಮ್ಮ ಹುಡುಗಿಯರು ಮೈದಾನಕ್ಕೆ ಇಳಿಯುವ ಮುಂಚೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅವರು ಟೋಪಿ ತೆಗೆದು ಮೈದಾನಕ್ಕೆ ಬಗ್ಗಿ ವಂದಿಸುತ್ತಾರೆ. ಎರಡೂ ತಂಡ ಒಬ್ಬರನ್ನೊಬ್ಬರು ನೋಡಿ ನಕ್ಕವು. ಅವರು ಕುಂಟೆಯಂಥ ಮರದ ಹಲಗೆ ಎಳೆದು ನೆಲವನ್ನು ಸಾರಿಸಿದ ಅಂಗಳದಷ್ಟು ನುಣ್ಣಗೆ ಮಾಡಿಟ್ಟಿದ್ದರು. ಹಾಗೆ ಖಾಲಿ ಬಿಟ್ಟ ಅಂಗಳ ನೋಡಿ ಸುಮಂಗೆ ಕೈ ತಡೆಯಲಿಲ್ಲ ಎಂದು ಕಾಣುತ್ತದೆ, ಗೆರೆ ಎಳೆಯುವ ಸುಣ್ಣದ ಪುಡಿ ತೆಗೆದುಕೊಂಡು ನಮ್ಮ ಬೆಂಚಿನ ಮುಂದೆ ಹದಿನೈದು ಚುಕ್ಕಿಯ ರಂಗೋಲಿ ಹಾಕಿದಳು. ತಂತಿಬೇಲಿಯ ಹುಡುಗಿಯರೆಲ್ಲ ಬಂದು ಸುತ್ತ ಕುಕ್ಕರಗಾಲಲ್ಲಿ ಕೂತರು. ಕನ್ನಡಕದವಳು ಸ್ಕೋರು ಪುಸ್ತಕದ ಹಿಂದೆ ಚುಕ್ಕಿ ಇಟ್ಟು ಕಲಿತಳು. ಅಂಪೈರು ಆ ದಿನವೆಲ್ಲ ರಂಗೋಲಿಯನ್ನು ಬಳಸಿ ಓಡಾಡಿದರು.

ಅವತ್ತೂ ಸುಮಾಳನ್ನೇ ಮೊದಲು ನಡುವಿಗೆ ಕರೆದರು. ಅವತ್ತೂ ಅವಳು ಆಡಲಿಲ್ಲ. ಅತಿಥಿಯ ಕುರ್ಚಿಯಿಂದಲೇ ಕೈಸನ್ನೆ ಮಾಡಿ ಐದು ಜನರ ಸರದಿ ಮುಗಿಸಿದೆ. ಮಂಜುಳ ಮೂರು ಸುಲಭದ ಕ್ಯಾಚು ಬಿಟ್ಟಳು. ಅವಳನ್ನು ತೆಗೆಯಲು ನನ್ನ ಕೈ ಏಳಲಿಲ್ಲ, ತೆಗೆದರೆ ಆ ಜಾಗಕ್ಕೆ ಯಾರು ಬರಬೇಕೆಂದು ಇಡೀ ತಂಡಕ್ಕೆ ಗೊತ್ತಿತ್ತು.

ಊಟದ ಹೊತ್ತಿಗೆ ಸಾಚಿಕೊ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು: "ನಿಮ್ಮ ಕ್ಯಾಪ್ಟನ್ ಭುಜ ಹೇಗಿದೆ?"

ರತ್ನ ನಮ್ಮ ಪಿಚರ್, ಚೆಂಡೆಸೆಯುವವಳು. ಭುಜ ಎಂದರೆ ಅವಳದೇ ತಾನೇ? "ಬಹಳ ಚೆನ್ನಾಗಿದೆ. ನಾಳೆ ಇನ್ನೂ ಜೋರಾಗಿ ಎಸೆಯುತ್ತಾಳೆ ನೋಡಿ" ಎಂದೆ.

ಅವರ ಮುಖ ಬಿಳಚಿಕೊಂಡಿತು. ನೋವಿರುವ ಮಗುವಿನ ಕೈಲಿ ಎಸೆಸುತ್ತೀರಾ ಎಂದು ಕೇಳಿದರು. ಯಾವ ನೋವು ಎಂದು ನಾನು. ಹೀಗೆ ಸ್ವಲ್ಪ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ಹೆದರಿಸಿದೆವು. ಕೊನೆಗೆ ಅವರು ಕಿಟಕಿಯಿಂದ ಕೈ ತೋರಿಸಿದರು. ಹೊರಗೆ ಮೈದಾನದಲ್ಲಿ ಸುಮಾ ಅವರ ಹುಡುಗಿಯರ ಜೊತೆ ಹಲಗೆ ಎಳೆಯುತ್ತಾ ನೆಲ ಸಮ ಮಾಡುತ್ತಿದ್ದಳು.

ಆಗ ತಿಳಿಯಿತು. ಅಲ್ಲಿ ಸಾಫ್ಟ್‌ಬಾಲ್ ತಂಡದಲ್ಲಿ ಹತ್ತನೇ ನಂಬರು ಹಾಕುವವಳು ಕ್ಯಾಪ್ಟನ್. ಕೋಚ್ ಬೆನ್ನ ಮೇಲೆ ಮೂವತ್ತು. ಮೂವತ್ತು ಇಲ್ಲದ್ದಕ್ಕೇ ನಾನು ಮುಖ್ಯ ಅತಿಥಿಯಾದದ್ದು, ಹತ್ತು ಇದ್ದದ್ದಕ್ಕೇ ಸುಮಾ ಕ್ಯಾಪ್ಟನ್ ಆದದ್ದು. ಕ್ಯಾಪ್ಟನ್ ಆದವಳು ಎರಡು ದಿನ ಬೆಂಚಿನ ಮೇಲೇ ಕೂತರೆ ಅವರಿಗೆ ಒಂದೇ ಅರ್ಥ, ಗಾಯವಾಗಿದೆ. ಅವರ ಹುಡುಗಿಯರು ಹೋಗಿ ವಿಚಾರಿಸಿದ್ದಾರೆ, ಅವಳು ಭುಜ ತೋರಿಸಿದ್ದಾಳೆ. ಅವರು ನೋವಿನ ಪಟ್ಟಿ ತಂದು ಅಂಟಿಸಿದ್ದಾರೆ.

ನಗು ಬರಬೇಕಾದ ಕಥೆ. ನನಗೆ ಅರ್ಧ ನಗು ಬಂದು ಅಲ್ಲೇ ನಿಂತುಹೋಯಿತು.

ಅದೇ ಮಧ್ಯಾಹ್ನ, ಮೈದಾನ

ಬಿಸಿಲಲ್ಲಿ ನಾನು ಅವಳ ಹತ್ತಿರ ಹೋದೆ. ಉಳಿದ ಹುಡುಗಿಯರು ನನಗೆ ವಂದಿಸಿ ದೂರ ಸರಿದರು. ಸುಮಾಳ ಕಾಲರಿನ ಪಕ್ಕ ಬಿಳೀ ಪಟ್ಟಿಯ ಅಂಚು ಕಾಣುತ್ತಿತ್ತು, ಕರ್ಪೂರದಂಥ ವಾಸನೆ ಹೊಡೆಯುತ್ತಿತ್ತು.

"ಭುಜಕ್ಕೇನಾಗಿದೆಯೇ?"

"ಏನಿಲ್ಲ ಮೇಡಂ."

ಮೈದಾನದಲ್ಲಿ ನಾನು ಅವಳಿಗೂ ಮೇಡಂ. ನಾನೇ ಮಾಡಿದ ಕಾನೂನು.

"ಏನಿಲ್ಲ ಅಂದ್ಮೇಲೆ ಯಾಕೆ ಅಂಟಿಸ್ಕೊಂಡಿದೀಯಾ?"

ಅವಳು ಹಲಗೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡಿದಳು. "ಅವ್ರು ಬಂದು ಕೇಳಿದ್ರು. ಯಾಕೆ ಆಡ್ತಿಲ್ಲ, ಪೆಟ್ಟಾಗಿದೆಯಾ ಅಂತ ಹೀಗೆ ಭುಜ ಮುಟ್ಟಿ ತೋರ್ಸಿದ್ರು. ನಾನು ಹೂಂ ಅಂದೆ."

"ಸುಳ್ಳು ಯಾಕೆ ಹೇಳ್ದೆ?"

"ಮತ್ತೇನು ಹೇಳ್ಲಿ ಅಮ್ಮ?" ಮೇಡಂ ಬಿಟ್ಟುಹೋಗಿತ್ತು. "ನಮ್ಮಮ್ಮನೇ ಕೋಚು, ಅವ್ರೇ ಆಡ್ಸಲ್ಲ ಅಂತ ಹೇಳ್ಲಾ? ನಿನ್ನ ಬಗ್ಗೆ ಏನಂದ್ಕೋತಾರೆ? ಪೆಟ್ಟಾಗಿದೆ ಅಂದ್ರೆ ಯಾರ ತಪ್ಪೂ ಇರಲ್ವಲ್ಲ."

ಅವಳೇ ಮತ್ತೆ ಕೇಳಿದಳು: "ಒಂದೇ ಒಂದು ಹೇಳಮ್ಮ. ನಾನು ಚೆನ್ನಾಗಿ ಆಡಲ್ವಾ? ಆಡಲ್ಲ ಅಂದ್ರೆ ಅಂದ್ಬಿಡು, ಸುಮ್ನಿರ್ತೀನಿ."

ಚೆನ್ನಾಗಿ ಆಡುತ್ತಿದ್ದಳು. ಮಂಜುಳನಿಗಿಂತ ಚೆನ್ನಾಗಿ, ಒಂದೊಂದು ದಿನ ರತ್ನನಷ್ಟೇ ಚೆನ್ನಾಗಿ. ಮೂರು ವರ್ಷದಿಂದ ನನಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ನನ್ನ ನೋಟ್‌ಬುಕ್ಕು, ನನ್ನ ಹೆಸರು, ಎಲ್ಲಾ ಸುಳ್ಳು ಎಂದಾಗುತ್ತಿತ್ತು. ಹದಿನಾರು ವರ್ಷದ ಮಗು ನನ್ನ ಮಾನ ಕಾಯಲು ಮೈಮೇಲೆ ಇಲ್ಲದ ಗಾಯಕ್ಕೆ ಪಟ್ಟಿ ಹಚ್ಚಿಕೊಂಡು ನಿಂತಿತ್ತು. ನಾನೋ, ಹಾರನಹಳ್ಳಿ ಬಸ್‌ಸ್ಟಾಪಿನ ಒಂದು ಮಾತಿಗೆ ಹೆದರಿ ಅವಳನ್ನು ಬಲಿ ಕೊಟ್ಟಿದ್ದೆ.

"ಚೆನ್ನಾಗಿ ಆಡ್ತೀಯಾ ಕಣೇ" ಎಂದೆ. ಅವಳು ತಲೆಯಾಡಿಸಿ, ಹಲಗೆ ಎಳೆದುಕೊಂಡು ಉಳಿದ ನೆಲ ಸಮ ಮಾಡಲು ಹೋದಳು.

ಬಟ್ಟೆ ಒಗೆಯುವ ಕಟ್ಟೆ

ನಾವಿದ್ದ ವಸತಿಯಲ್ಲಿ ಸ್ನಾನ ಎಲ್ಲರಿಗೂ ಒಟ್ಟಿಗೆ, ಒಂದು ದೊಡ್ಡ ಬಿಸಿನೀರಿನ ತೊಟ್ಟಿಯಲ್ಲಿ, ಬಟ್ಟೆ ಇಲ್ಲದೆ. ನಮ್ಮ ಹುಡುಗಿಯರು ಮೊದಲ ದಿನ ಲಂಗ ಕಟ್ಟಿಕೊಂಡೇ ಇಳಿದು, ನೀರಿಗೆಲ್ಲ ಬಣ್ಣ ಬಿಟ್ಟು, ಆಮೇಲೆ ಹೊರಗಿನ ನಲ್ಲಿಯೇ ವಾಸಿ ಎಂದು ತೀರ್ಮಾನಿಸಿದ್ದರು. ಆ ಸಂಜೆ ನಲ್ಲಿಯ ಕಟ್ಟೆಯ ಮೇಲೆ ರತ್ನ ಜರ್ಸಿಗಳನ್ನು ಕುಸುಬುತ್ತಿದ್ದಳು. ನಾನು ಹೋಗಿ ಪಕ್ಕ ಕೂತೆ. ಜರ್ಸಿ ನಂಬರಿನ ಕಥೆ ಹೇಳಿದೆ. "ನಾಳೆ ನೀನು ಹತ್ತು ಹಾಕ್ಕೋ. ನೀನಲ್ವಾ ಕ್ಯಾಪ್ಟನ್" ಎಂದೆ.

ರತ್ನ ಒದ್ದೆ ಕೈಯಲ್ಲೇ ಹಣೆಯ ಕೂದಲು ಹಿಂದೆ ತಳ್ಳಿದಳು. "ಬ್ಯಾಡ ಬುಡಿ ಮೇಡಂ. ಎಲ್ಡು ದಿನ ಅವ್ಳೇ ಕ್ಯಾಪ್ಟನ್ ಆಗವ್ಳೆ, ನಾಳೀಕೂ ಅವ್ಳೇ ಇರ್ಲಿ. ಆದ್ರೆ ಒಂದ್ ಮಾತು. ಬೈಬಾರ್ದು."

"ಹೇಳು."

"ಎಲ್ರಿಗೂ ಸರದಿ ಕೊಡ್ತೀರಾ, ಸುಮಂಗೆ ಮಾತ್ರ ಕೊಡಕಿಲ್ಲ. ಅವ್ಳು ಮಂಜುಳಂಗಿಂತ ಚೆಂದಾಗಿ ಹಿಡೀತಾಳೆ. ನಮ್ಗೆಲ್ಲಾ ಗೊತ್ತೈತೆ. ಮಂಜುಳಂಗೂ ಗೊತ್ತೈತೆ."

"ಆಡಿಸಿದ್ರೆ ಊರಲ್ಲಿ ಏನಂತಾರೆ ಗೊತ್ತಾ?"

"ಅನ್ಲಿ ಬುಡಿ" ಎಂದಳು ರತ್ನ, ಜರ್ಸಿ ಹಿಂಡುತ್ತಾ. "ನೀವು ಅವರ್ಗೆ ಹೆದ್ರಿ ಅವ್ಳುನ್ನ ಕೂರ್ಸಿದ್ರೆ ನಾವು ಸೋತೋಯ್ತೀವಲ್ಲ. ಅದು ನಮ್ಗೂ ಅನ್ಯಾಯ ಅಲ್ವಾ?"

ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಒಬ್ಬಳಿಗೆ ಮಾಡಿದ ಅನ್ಯಾಯವನ್ನು ಮನೆಯೊಳಗಿನ ವಿಷಯ ಎಂದುಕೊಂಡಿದ್ದೆ. ಅವಳ ಕೈಯಿಂದ ಒಂದು ಜರ್ಸಿ ತೆಗೆದುಕೊಂಡು ನಾನೂ ಹಿಂಡಿದೆ.

ಕೊನೆಯ ದಿನ

ಬೆಳಿಗ್ಗೆ ಮೊದಲು ಮಂಜುಳಳನ್ನು ಕರೆದು, ಇವತ್ತು ಲೆಫ್ಟ್ ಫೀಲ್ಡಿಗೆ ಸುಮಾ ಎಂದೆ. ಆಟದ ಕೊನೆಯ ಭಾಗದಲ್ಲಿ ನಿನ್ನ ಸರದಿ ಎಂದೂ ಹೇಳಿದೆ. "ಆಗ್ಲಿ ಮೇಡಂ. ನಂಗೂ ಗೊತ್ತಿತ್ತು" ಎಂದಳು. ಹೋಗಿ ಬೆಂಚಿನ ತುದಿಯಲ್ಲಿ ಕೂತು ಗ್ಲೌಸಿನ ಲೇಸು ಬಿಚ್ಚುವುದು ಕಟ್ಟುವುದು ಮಾಡುತ್ತಾ ಕಣ್ಣೊರೆಸಿಕೊಂಡಳು. ತಪ್ಪು ಮಾಡಿದ್ದು ನಾನು, ಅಳು ಮಾತ್ರ ಒಂದು ಹುಡುಗಿಯಿಂದ ಇನ್ನೊಂದು ಹುಡುಗಿಗೆ ಹೋಯಿತು. ಅವಳ ಬೆನ್ನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟೆ.

ಎದುರು ತಂಡದ ಕೋಚ್ ಬಿಳೀ ಬಟ್ಟೆಯ ಮೇಲೆ ಮೂವತ್ತು ಎಂದು ಬರೆಸಿ ನನಗೆಂದು ತಂದಿದ್ದರು. ಸಾಚಿಕೊ ಅದನ್ನು ನನ್ನ ಸೆರಗಿನ ಹಿಂಭಾಗಕ್ಕೆ ನಾಲ್ಕು ಪಿನ್ನು ಚುಚ್ಚಿ ಸಿಕ್ಕಿಸಿದರು. ಎರಡೂ ತಂಡ ಎದುರುಬದುರು ಸಾಲು ನಿಂತವು. ಸುಮಾಳ ಭುಜದ ಪಟ್ಟಿ ಇರಲಿಲ್ಲ. ಅದನ್ನು ನೋಡಿ ತಂತಿಬೇಲಿಯ ಹುಡುಗಿಯರು, ವಾಸಿಯಾಯಿತು ಎಂದು ಚಪ್ಪಾಳೆ ತಟ್ಟಿದರು. ಸುಮಾ ತಲೆ ತಗ್ಗಿಸಿದಳು.

ನಾನು ಸಾಚಿಕೊ ಅವರನ್ನು ಜೊತೆಗೆ ಕರೆದುಕೊಂಡು ಸಾಲಿನ ಮುಂದೆ ಹೋದೆ. "ಎಲ್ಲರಿಗೂ ಕೇಳುವ ಹಾಗೆ ಹೇಳಿ" ಎಂದೆ. "ಇವಳಿಗೆ ಗಾಯ ಆಗಿರಲಿಲ್ಲ. ಇವಳು ಒಳ್ಳೆಯ ಆಟಗಾರ್ತಿ. ಇವಳು ನನ್ನ ಮಗಳು. ಜನರ ಮಾತಿಗೆ ಹೆದರಿ ನಾನೇ ಆಡಿಸಿರಲಿಲ್ಲ. ತಪ್ಪು ನನ್ನದು."

ಸಾಚಿಕೊ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ನಿಧಾನವಾಗಿ ಅವರ ಭಾಷೆಯಲ್ಲಿ ಹೇಳಿದರು. ಮೈದಾನ ಸುಮ್ಮನಾಯಿತು. ಊಟದ ಮನೆಯ ಚಪ್ಪಲಿಯ ದಿನದಂಥದೇ ಮೌನ, ಆದರೆ ಈ ಸಲ ಅದು ನನಗೆ ಭಾರವೆನ್ನಿಸಲಿಲ್ಲ. ಅವರ ಕೋಚ್ ಟೋಪಿ ತೆಗೆದು ನನಗೆ ಬಗ್ಗಿದರು. ಬೇಲಿಯ ಬಳಿ ಕನ್ನಡಕದ ಹುಡುಗಿ ಸ್ಕೋರು ಪುಸ್ತಕ ಎದೆಗವಚಿಕೊಂಡು ಅವರನ್ನೇ ನೋಡುತ್ತಿದ್ದಳು. ಅವರು ಟೋಪಿ ಮತ್ತೆ ಹಾಕಿಕೊಳ್ಳುವಾಗ ಆ ಕಡೆ ಒಮ್ಮೆ ನೋಡಿದರು, ಬೇಗ ಕಣ್ಣು ತೆಗೆದರು. ಆಮೇಲೆ ಅವಳಿಗೇನಾಯಿತೋ, ಆಡಿದಳೋ ಇಲ್ಲವೋ ನನಗೆ ತಿಳಿಯದು. ಸ್ಕೋರು ಅವತ್ತೂ ಅವಳೇ ಬರೆದಳು.

ಸುಮಾ ನನ್ನನ್ನು ನೋಡಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು. ರತ್ನ ಅವಳ ಬೆನ್ನಿಗೊಂದು ಗುದ್ದು ಕೊಟ್ಟು, "ನಡಿಯೇ ಕ್ಯಾಪ್ಟನ್ನು" ಎಂದಳು.

ಆಟ ಶುರುವಾಯಿತು. ಈ ಸಲ ನಾನು ಮೆತ್ತನೆ ಕುರ್ಚಿಗೆ ಹೋಗಲಿಲ್ಲ, ಗೆರೆಯ ಪಕ್ಕ ನಿಂತೆ. ಗಾಳಿಗೆ ಸೆರಗಿನ ಮೂವತ್ತು ಪಟಪಟ ಬಡಿಯುತ್ತಿತ್ತು. ರತ್ನ ಎಸೆದ ಎರಡನೇ ಚೆಂಡನ್ನೇ ಅವರ ಹುಡುಗಿ ಲೆಫ್ಟ್ ಫೀಲ್ಡಿನ ಕಡೆ ಹೊಡೆದಳು. ಜೋರಿನ ಹೊಡೆತವೂ ಅಲ್ಲ, ನೆಲದ ಮೇಲೆ ಪುಟಿಯುತ್ತಾ ನೇರ ಸುಮಾಳ ಕಡೆಗೇ ಬಂತು. ಅವಳು ಓಡಿಬಂದಳು, ಬಗ್ಗಿದಳು, ಚೆಂಡು ಅವಳ ಎರಡು ಕಾಲ ನಡುವಿನಿಂದ ನುಣುಚಿ ಹಿಂದಿನ ಬೇಲಿಯವರೆಗೆ ಹೋಯಿತು.

"ಏನೇ ಸುಮಿ, ಗೇಟು ತೆಗ್ದಿಟ್ಟಿದೀಯಾ!" ಎಂದು ರತ್ನ ಕಿರುಚಿದಳು. "ಓಡೇ, ಓಡೇ!" ಎಂದು ಬೆಂಚಿನವರೆಲ್ಲ. ಮಂಜುಳ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೆರೆ ದಾಟಿ ಒಳಗೇ ನುಗ್ಗಿದೆ.

"ಏಯ್ ಸುಮಾ! ಗ್ಲೌಸು ನೆಲಕ್ಕೆ ತಾಗಿಸೇ! ಕಣ್ಣು ಎಲ್ಲಿಟ್ಟಿದ್ದೆ? ಎಷ್ಟು ಸಲ ಹೇಳ್ಬೇಕು ನಿಂಗೆ!"

ಕೂಗಿದ ಮೇಲೆ ನನ್ನ ಕಿವಿಗೇ ಕೇಳಿಸಿತು. ಎಲ್ಲ ಹುಡುಗಿಯರನ್ನೂ ಹಾಗೆ ಬೈದಿದ್ದೇನೆ, ರತ್ನನನ್ನಂತೂ ದಿನಾ. ಸುಮಂಗೆ ಮೂರು ವರ್ಷದಿಂದ ಒಂದು ಸಲವೂ ಹೇಳಿರಲಿಲ್ಲ. ಬೆಂಚಿನ ಮೇಲೆ ಕೂತವಳಿಗೆ ಏನೆಂದು ಬೈಯುವುದು?

ಅವಳು ಚೆಂಡು ಎಸೆದು ಬಂದು ತನ್ನ ಜಾಗದಲ್ಲಿ ನಿಂತಳು. ದೂರದಿಂದ ನನ್ನ ಕಡೆ ತಿರುಗಿದಳು. ಮುಖ ತುಂಬಾ ನಗು.

"ಸಾರಿ ಮೇಡಂ!" ಎಂದು ಕೂಗಿ, ಗ್ಲೌಸನ್ನು ನೆಲಕ್ಕೆ ತಾಗಿಸಿ, ಮುಂದಿನ ಚೆಂಡಿಗೆ ಬಗ್ಗಿ ನಿಂತಳು.